ಗ್ರೀಕ್ ಪ್ರಹಸನದಲ್ಲಿ ಕನ್ನಡವೇ? – ಒಂದು ಶೋಧದ ಕಥೆ

ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಯೆಂದರೆ ಅದರಲ್ಲಿ ಊರಿನ ಇತಿಹಾಸದ ಲೇಖನವೊಂದು ಇರಲೇಬೇಕೆಂಬುದು ನಮ್ಮ ಕಡೆಯ ರೂಢಿ. ಉತ್ಸವ ಮುಗಿದು ಚಪ್ಪರ ಬಿಚ್ಚಿದ ಮೇಲೂ ಈ ಪುಸ್ತಕ ಮನೆಮನೆಗಳಲ್ಲಿ ಉಳಿಯುತ್ತದೆ. ನಾಳೆ ಯಾರೋ ವಿದ್ಯಾರ್ಥಿ ಇದನ್ನೇ ಆಧಾರವೆಂದು ಹಿಡಿದು ಬರೆಯುತ್ತಾನೆ. ಆದುದರಿಂದ ಇಲ್ಲಿ ಅಚ್ಚಾಗುವ ಒಂದೊಂದು ಮಾತಿಗೂ ಹೊಣೆಯಿದೆ. ಕಂಡುಹಿಡಿದ ಸಂಗತಿಯನ್ನು ಜನರ ಮುಂದಿಡುವ ಮೊದಲು ಒರೆಗೆ ಹಚ್ಚುವುದೆಂದರೇನು ಎಂಬುದನ್ನು, ನಮ್ಮ ಕರಾವಳಿಗೆ ಸಂಬಂಧಪಟ್ಟ ಒಂದು ಪ್ರಸಿದ್ಧ ಶೋಧದ ಮೂಲಕ ಇಲ್ಲಿ ವಿವೇಚಿಸಲಾಗಿದೆ.

'ಸಾವಿರದ ಎಂಟುನೂರು ವರ್ಷಗಳ ಹಿಂದೆಯೇ ಗ್ರೀಕ್ ನಾಟಕದಲ್ಲಿ ಕನ್ನಡ ಮಾತುಗಳಿದ್ದವು, ಆ ನಾಟಕ ನಡೆದ ಸ್ಥಳ ನಮ್ಮ ಕರಾವಳಿಯೇ' ಎಂಬ ಮಾತನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಹಲವರು ಕೇಳಿರಬಹುದು. ಕೇಳಿದಾಗ ಎದೆಯುಬ್ಬುವುದು ಸಹಜ. ಆದರೆ ಈ ಮಾತು ಎಲ್ಲಿಂದ ಬಂತು, ಯಾರು ಹೇಳಿದರು, ಅದು ಎಷ್ಟರಮಟ್ಟಿಗೆ ನಿಂತಿದೆ?

ಮರಳಿನಲ್ಲಿ ಸಿಕ್ಕ ನಾಟಕ

ಈಜಿಪ್ಟಿನ ನೈಲ್ ನದಿಯ ಪಶ್ಚಿಮಕ್ಕೆ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣವಿತ್ತು. ಅದರ ಕಸದ ದಿಬ್ಬಗಳಲ್ಲಿ, ಮಳೆ ಕಾಣದ ಒಣ ಮರಳಿನೊಳಗೆ, ಪಪೈರಸ್ ಎಂಬ ಜೊಂಡಿನಿಂದ ಮಾಡಿದ ಹಾಳೆಗಳು ಸಹಸ್ರಗಟ್ಟಲೆಯಾಗಿ ಉಳಿದುಕೊಂಡಿದ್ದವು. ಆಕ್ಸ್‌ಫರ್ಡಿನ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು 1896ರ ಕೊನೆಯಲ್ಲಿ ಅಲ್ಲಿ ಅಗೆತ ಆರಂಭಿಸಿದರು. ತಮಗೆ ಸಿಕ್ಕಿದ್ದನ್ನು ಸಂಪುಟ ಸಂಪುಟವಾಗಿ ಪ್ರಕಟಿಸುತ್ತ, 1903ರಲ್ಲಿ ಮೂರನೆಯ ಸಂಪುಟದಲ್ಲಿ 413ನೆಯ ಸಂಖ್ಯೆಯ ಹಾಳೆಯನ್ನು ಅಚ್ಚುಹಾಕಿಸಿದರು. ಕ್ರಿ.ಶ. ಎರಡನೆಯ ಶತಮಾನದ್ದೆಂದು ಹೇಳಲಾಗುವ ಈ ಹಾಳೆಯಲ್ಲಿ ಒಂದು ಪ್ರಹಸನವಿದೆ.

ಅದರ ಕಥೆ ಹೀಗೆ. ಖಾರಿತಿಯೋನ್ ಎಂಬ ಗ್ರೀಕ್ ಹುಡುಗಿ ಹಿಂದೂ ಮಹಾಸಾಗರದ ತೀರದ ಭಾರತೀಯ ಅರಸನೊಬ್ಬನ ವಶದಲ್ಲಿ, ಚಂದ್ರದೇವತೆಯ ಗುಡಿಯೊಂದರಲ್ಲಿ ಸೆರೆಯಾಗಿದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬರುತ್ತಾನೆ. ಜೊತೆಗೊಬ್ಬ ವಿದೂಷಕನಿದ್ದಾನೆ. ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನು ಕುಡಿಸಿ, ಅಮಲೇರಿದ ಮೇಲೆ ಹುಡುಗಿಯನ್ನು ಬಿಡಿಸಿಕೊಂಡು ಹಡಗು ಹತ್ತುತ್ತಾರೆ. ನಮ್ಮ ಯಕ್ಷಗಾನದಲ್ಲಿ ಚೆಂಡೆ ಮದ್ದಳೆ ಎಲ್ಲಿ ಬರಬೇಕೆಂಬ ಸೂಚನೆ ಇರುವಂತೆ, ಇದರಲ್ಲೂ ವಾದ್ಯ ಬಾರಿಸಬೇಕಾದ ಕಡೆ ಗುರುತುಗಳಿವೆ. ಗ್ರೀಕರೆಲ್ಲ ಗ್ರೀಕಿನಲ್ಲಿ ಮಾತಾಡಿದರೆ, ಅರಸ ಮತ್ತು ಅವನ ಕಡೆಯವರು ಗ್ರೀಕ್ ಅಲ್ಲದ ಯಾವುದೋ ಭಾಷೆಯಲ್ಲಿ ಮಾತಾಡುತ್ತಾರೆ. ಚರ್ಚೆಗೆಲ್ಲ ಕಾರಣವಾದದ್ದು ಈ ಮಾತುಗಳೇ.

ಹುಲ್ಟ್ಷ್ ಕಂಡ ಕನ್ನಡ

ಪ್ರಕಟವಾದ ಮರುವರ್ಷವೇ, ಅಂದರೆ 1904ರಲ್ಲಿ, ಜರ್ಮನಿಯ ವಿದ್ವತ್ಪತ್ರಿಕೆಯೊಂದರಲ್ಲಿ ಇ. ಹುಲ್ಟ್ಷ್ ಎಂಬವರು ಈ ಭಾಷೆ ಕನ್ನಡವೆಂದು ಬರೆದರು. ಹುಲ್ಟ್ಷ್ ಸಾಮಾನ್ಯರಲ್ಲ. ಮದ್ರಾಸು ಸರಕಾರದ ಶಾಸನ ತಜ್ಞರಾಗಿ ದಕ್ಷಿಣ ಭಾರತದ ಶಾಸನ ಸಂಪುಟಗಳಿಗೆ ಅಡಿಪಾಯ ಹಾಕಿದವರು. ನಮ್ಮ ಶಾಸನಗಳ ಅಭ್ಯಾಸ ಇಂದಿಗೂ ಅವರಿಗೆ ಋಣಿಯಾಗಿದೆ.

ಹಾಳೆಯಲ್ಲಿರುವ ಅಕ್ಷರಗಳನ್ನು ಕನ್ನಡದಲ್ಲಿ ಬರೆದರೆ ಒಂದು ಸಾಲು ಸುಮಾರಾಗಿ 'ಬೆರೆ ಕೊಂಜೆಯಿ ದಮುನ್ ಪೆತ್ರೆಕಿಯೊ ಪಕ್ತೆಯಿ' ಎಂದಾಗುತ್ತದೆ. ಹುಲ್ಟ್ಷ್ ಇದನ್ನು 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ' ಎಂದು ಓದಿದರು. ಇನ್ನೊಂದು ಕಡೆ 'ಪನುಂಬ್ರೇತಿಕತೆಮನುಅಂಬ್ರೇತುವೆನಿ' ಎಂಬಂತಿರುವ ಉದ್ದದ ಸಾಲನ್ನು 'ಪಾನಂ ಬೇರೆತ್ತಿ ಕಟ್ಟಿ ಮಧುವಂ ಬೇರೆತ್ತುವೆನು' ಎಂದು ಬಿಡಿಸಿದರು. ಮದ್ಯ ಕುಡಿಯುವ ಸನ್ನಿವೇಶಕ್ಕೆ ಅರ್ಥ ಸರಿಯಾಗಿ ಹೊಂದುತ್ತದೆ. ಕನ್ನಡ ಬಲ್ಲವರು ಮೊದಲ ಬಾರಿ ಓದಿದಾಗ ಬೆರಗಾಗದೆ ಇರಲಾರರು.

ಮೈಸೂರಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು 1926ರ ಪುರಾತತ್ತ್ವ ಇಲಾಖೆಯ ವರದಿಯಲ್ಲಿ ಈ ವಾದವನ್ನು ಎತ್ತಿಹಿಡಿದು ಮುಂದುವರಿಸಿದರು. ನಮ್ಮ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು (1883–1963) ಈ ಪ್ರಹಸನದ ಘಟನೆ ನಡೆದ ಸ್ಥಳ ಆಳುಪರ ರಾಜಧಾನಿಯಾಗಿದ್ದ ಉದ್ಯಾವರವಾಗಿರಬೇಕೆಂದು ಅಭಿಪ್ರಾಯಪಟ್ಟರು. ತುಳುವ ಇತಿಹಾಸವನ್ನು ಬರೆದ ಬಿ.ಎ. ಸಾಲೆತ್ತೂರರು 1936ರಲ್ಲಿ ಅದನ್ನೊಪ್ಪದೆ, ಮಲ್ಪೆಯ ಸಮೀಪದ ವಡಭಾಂಡೇಶ್ವರವೇ ಆ ಸ್ಥಳವೆಂದರು. ಹೀಗೆ ಕಸದ ದಿಬ್ಬದಲ್ಲಿ ಸಿಕ್ಕ ಹಾಳೆಯೊಂದು ಮೂವತ್ತೇ ವರ್ಷಗಳಲ್ಲಿ ನಮ್ಮ ಕಡಲ ದಂಡೆಗೆ ಬಂದು ನಿಂತಿತು.

ಆದರೆ ಶಾಮಶಾಸ್ತ್ರಿಗಳ ವರದಿಯ ಕಾಲಕ್ಕೇ, 1926ರಲ್ಲಿಯೇ, ಲಂಡನ್ನಿನ ಎಲ್.ಡಿ. ಬಾರ್ನೆಟ್ ಎಂಬ ವಿದ್ವಾಂಸರು ಈಜಿಪ್ಟಿನ ಪುರಾತತ್ತ್ವಕ್ಕೆ ಮೀಸಲಾದ ಪತ್ರಿಕೆಯಲ್ಲಿ, ಇವು ಕನ್ನಡದ ಮಾತುಗಳೆಂಬ ವಾದವನ್ನು ಅಲ್ಲಗಳೆದು ಬರೆದರು. ಬಾರ್ನೆಟ್ಟರಿಗೂ ಕನ್ನಡ ಶಾಸನಗಳ ಪರಿಚಯ ಚೆನ್ನಾಗಿತ್ತು. ನಮ್ಮ ಭಾಷಣಗಳಲ್ಲಿ ಹುಲ್ಟ್ಷ್ ಹೆಸರು ಬರುವಷ್ಟು ಸಲ ಬಾರ್ನೆಟ್ಟರ ಹೆಸರು ಬರುವುದಿಲ್ಲ.

ಒರೆಗಲ್ಲಿಗೆ ಹಚ್ಚಿದಾಗ

ಇಬ್ಬರು ಘನವಿದ್ವಾಂಸರು ಎರಡು ಮಾತು ಹೇಳಿದಾಗ, ಯಾರು ದೊಡ್ಡವರೆಂದು ನೋಡಿ ಪ್ರಯೋಜನವಿಲ್ಲ. ಓದನ್ನೇ ಪರೀಕ್ಷಿಸಬೇಕು. ಅದಕ್ಕೆ ಸಾಮಾನ್ಯ ಓದುಗನೂ ಕೇಳಬಹುದಾದ ಕೆಲವು ಪ್ರಶ್ನೆಗಳಿವೆ.

ಮೊದಲನೆಯದು, ಅಕ್ಷರಕ್ಕೆ ಅಕ್ಷರ ಕೂಡುತ್ತದೆಯೇ ಎಂಬುದು. 'ಬೆರೆ' ಎಂಬುದು 'ಬೇರೆ'ಗೆ ಹತ್ತಿರವೇ ಸರಿ. 'ಪಕ್ತೆಯಿ' ಎಂಬಲ್ಲಿ ಪಕಾರವಿರುವುದು ಕೂಡ ಈ ವಾದಕ್ಕೆ ಅನುಕೂಲ. ಏಕೆಂದರೆ ಈಗ ಹಕಾರವಿರುವ ಎಷ್ಟೋ ಶಬ್ದಗಳಲ್ಲಿ ಹಿಂದೆ ಪಕಾರವಿತ್ತು. ಆದರೆ 'ದಮುನ್' ಎಂಬುದನ್ನು 'ಮಧು' ಎಂದು ಓದಬೇಕಾದರೆ ಅಕ್ಷರಗಳನ್ನು ಹಿಂದುಮುಂದು ಮಾಡಬೇಕು. 'ಮನು' ಎಂಬುದನ್ನೂ 'ಮಧು'ವೆಂದೇ ತಿದ್ದಬೇಕು. ಲಿಪಿಕಾರನಿಗೆ ತಿಳಿಯದ ಭಾಷೆಯಾದ್ದರಿಂದ ತಪ್ಪು ಬರೆದಿರಬಹುದೆಂದು ಸಮಾಧಾನ ಹೇಳಬಹುದು. ಆದರೆ ಹೀಗೆ ತಿದ್ದುವ ಸ್ವಾತಂತ್ರ್ಯ ಹೆಚ್ಚಿದಷ್ಟೂ ಯಾವ ಭಾಷೆಯನ್ನಾದರೂ ಅಲ್ಲಿ ಕಾಣಬಹುದಾಗುತ್ತದೆ.

ಎರಡನೆಯದು, ಆ ಕಾಲದ ಭಾಷೆಗೆ ಅದು ಒಪ್ಪುತ್ತದೆಯೇ ಎಂಬುದು. 'ಬೇರೆ ಕೊಂಚ ಪಾತ್ರಕ್ಕೆ ಹಾಕಿ' ಎಂಬುದು ಇವತ್ತಿನ ಅಡಿಗೆ ಮನೆಯಲ್ಲಿ ಆಡುವ ಮಾತಿನಂತಿದೆ. 'ಎತ್ತುವೆನು' ಎಂಬ ರೂಪ ಹಳಗನ್ನಡದಲ್ಲಿ 'ಎತ್ತುವೆಂ' ಎಂದಿರಬೇಕಾಗುತ್ತದೆ. ನಮಗೆ ದೊರೆತಿರುವ ಅತಿ ಹಳೆಯ ಕನ್ನಡ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನ ಸುಮಾರು 450ರದ್ದೆಂದು ಗಣಿಸಲ್ಪಟ್ಟಿದೆ. ಅದನ್ನು 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಪ್ರಕಟಪಡಿಸಿದರು. ಹುಲ್ಟ್ಷ್ ಬರೆಯುವಾಗ ಆ ಶಾಸನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಲ್ಮಿಡಿಯ ಕನ್ನಡವೇ ನಮಗೆ ಇಷ್ಟು ಅಪರಿಚಿತವಾಗಿರುವಾಗ, ಅದಕ್ಕಿಂತ ಇನ್ನೂರು ಮುನ್ನೂರು ವರ್ಷ ಹಿಂದಿನ ಮಾತು ಇಷ್ಟು ಸಲೀಸಾಗಿ ಅರ್ಥವಾಗುವುದೇ ಸಂಶಯಕ್ಕೆ ಕಾರಣವಾಗಬೇಕು.

ಮೂರನೆಯದು, ಅದೇ ಸಾಲು ಬೇರೆ ಭಾಷೆಯಾಗಿಯೂ ಓದಲು ಬರುತ್ತದೆಯೇ ಎಂಬುದು. 1980ರ ದಶಕದಲ್ಲಿ ಪಿ. ಶಿವಪ್ರಸಾದ ರೈಗಳು ಇದು ಕನ್ನಡವಲ್ಲ, ತುಳು ಎಂದು ವಾದಿಸಿದರು. ತುಳುವೂ ಕನ್ನಡವೂ ಅಕ್ಕತಂಗಿಯರು, ಎರಡೂ ನಮ್ಮವೇ, ಆದ್ದರಿಂದ ನಮಗೇನೂ ನಷ್ಟವಿಲ್ಲವೆಂದು ತೋರಬಹುದು. ಆದರೆ ಪರೀಕ್ಷೆಯ ದೃಷ್ಟಿಯಿಂದ ನೋಡಿದರೆ, ಒಂದೇ ಬೀಗ ಎರಡು ಬೇರೆ ಕೀಲಿಕೈಗಳಿಗೆ ತೆರೆಯಿತೆಂದಾದರೆ ಆ ಬೀಗ ಸಡಿಲವಾಗಿದೆಯೆಂದೇ ಅರ್ಥ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ನಾಟಕದೊಳಗೇ ಒಂದೆರಡು ಕಡೆ ಅರಸನ ಮಾತು ಕೇಳಿ 'ಏನು ಹೇಳುತ್ತಾನೆ?' ಎಂಬ ಪ್ರಶ್ನೆ ಬರುತ್ತದೆ. ವಿದೂಷಕನು 'ಬೇಗ ಕುಡಿಯಲು ಕೊಡು' ಎಂಬಂತೆ ಗ್ರೀಕಿನಲ್ಲಿ ಅರ್ಥ ಹೇಳುತ್ತಾನೆ. ವಿದೂಷಕನ ಮಾತನ್ನು ಪೂರ್ತಿ ನಂಬುವಂತಿಲ್ಲವಾದರೂ, ಹೊರಗಿನಿಂದ ದೊರೆತ ಸಾಕ್ಷ್ಯವೆಂದರೆ ಅದೊಂದೇ. ಕನ್ನಡದ ಓದು ನಿಜವಾಗಿದ್ದರೆ ಅರ್ಥ ಗೊತ್ತಿರುವ ಈ ತುಣುಕುಗಳಲ್ಲಿ ಅದು ಅತ್ಯಂತ ಸ್ಪಷ್ಟವಾಗಿ ಕೂಡಿಬರಬೇಕಿತ್ತು. ಓದು ಸೊಗಸಾಗಿ ಕೂಡುವುದು ಮಾತ್ರ ನಾವೇ ಅರ್ಥ ಊಹಿಸಿಕೊಂಡ ಬೇರೆ ಸಾಲುಗಳಲ್ಲಿ.

ಇದಕ್ಕೆ ಹೋಲಿಕೆಯೊಂದಿದೆ. ರೋಮಿನ ಪ್ಲಾಟಸ್ ಎಂಬ ನಾಟಕಕಾರನ ಒಂದು ಪ್ರಹಸನದಲ್ಲಿ ಕಾರ್ತೇಜ್ ನಗರದ ವ್ಯಾಪಾರಿಯೊಬ್ಬ ತನ್ನ ಪ್ಯೂನಿಕ್ ಭಾಷೆಯಲ್ಲಿ ಮಾತಾಡುತ್ತಾನೆ. ಅದು ನಿಜವಾದ ಪ್ಯೂನಿಕ್ ಎಂಬುದನ್ನು ವಿದ್ವಾಂಸರು ಒಪ್ಪಿದ್ದಾರೆ. ಏಕೆಂದರೆ ಅದೇ ಮಾತಿನ ಲ್ಯಾಟಿನ್ ರೂಪ ನಾಟಕದಲ್ಲೇ ಇದೆ, ಆ ಭಾಷೆಯ ಶಾಸನಗಳೂ ಬೇರೆಡೆ ಸಿಕ್ಕಿವೆ. ಮತ್ತೊಂದು ಕಡೆ, ಗ್ರೀಸಿನ ಅರಿಸ್ಟೋಫೆನಿಸ್ ಕ್ರಿ.ಪೂ. 425ರಲ್ಲಿ ಆಡಿಸಿದ ನಾಟಕದಲ್ಲಿ ಪರ್ಷಿಯದ ದೂತನೊಬ್ಬ ಆಡುವ ಸಾಲು ಪರ್ಷಿಯನ್ನಿನಂತೆ ಕೇಳಿಸುವ, ನಗೆಗಾಗಿ ಕಟ್ಟಿದ ಮಾತೆಂದು ಹೆಚ್ಚಿನವರ ಅಭಿಪ್ರಾಯ. ಅಂದರೆ ಪ್ರಹಸನದಲ್ಲಿ ನಿಜವಾದ ಪರಭಾಷೆಯೂ ಬರಬಹುದು, ಸುಳ್ಳು ಪರಭಾಷೆಯೂ ಬರಬಹುದು. ನಮ್ಮ ಹಾಸ್ಯಗಾರರು ರಂಗದ ಮೇಲೆ ಪರದೇಶಿಯ ಮಾತನ್ನು ಅಣಕಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸ್ಥಳದ ವಿಷಯಕ್ಕೂ ಇದೇ ಮಾತು ಸಲ್ಲುತ್ತದೆ. ದೂರದೇಶದ ಗುಡಿಯಲ್ಲಿ ಸೆರೆಯಾದ ಹೆಣ್ಣು, ಬಿಡಿಸಲು ಬರುವ ಅಣ್ಣತಮ್ಮಂದಿರು, ಹಡಗಿನಲ್ಲಿ ಪಲಾಯನ – ಈ ಕಥಾವಸ್ತು ಯೂರಿಪಿಡಿಸ್ ಎಂಬ ಗ್ರೀಕ್ ನಾಟಕಕಾರನ ಇಫಿಜೀನಿಯ ಕಥೆಯನ್ನು ಹೋಲುತ್ತದೆಂಬುದನ್ನು ಬಹಳ ಮಂದಿ ಗಮನಿಸಿದ್ದಾರೆ. ಹಳೆಯ ಕಥೆಯೊಂದನ್ನು ನಗೆಗಾಗಿ ಭಾರತದ ತೀರಕ್ಕೆ ಸಾಗಿಸಿದ್ದಾದರೆ, ಆ ಗುಡಿ ಉದ್ಯಾವರದ್ದೋ ಮಲ್ಪೆಯದ್ದೋ ಎಂದು ವಾದಿಸುವುದಕ್ಕೆ ಮೊದಲು, ಅಂಥ ಗುಡಿಯೇ ಇತ್ತೆಂದು ತೋರಿಸಬೇಕಾಗುತ್ತದೆ.

ಇಷ್ಟರಿಂದ ಹುಲ್ಟ್ಷ್ ಹೇಳಿದ್ದು ಸುಳ್ಳೆಂದು ಸಾಧಿಸಿದಂತಾಗಲಿಲ್ಲ. ನಾಳೆ ಇನ್ನೊಂದು ಹಾಳೆ ಸಿಕ್ಕಿ ಅದು ನಿಜವೆಂದೇ ಆಗಬಹುದು. 'ಕನ್ನಡವೆಂದು ಕೆಲವು ವಿದ್ವಾಂಸರು ಓದಿದ್ದಾರೆ, ಇತರರು ಒಪ್ಪಿಲ್ಲ' ಎಂದಷ್ಟೇ ಈಗ ಹೇಳಬಹುದು. ಅಷ್ಟನ್ನೇ ಹೇಳಿದರೆ ನಮ್ಮ ಭಾಷೆಯ ಮಾನಕ್ಕೆ ಯಾವ ಕುಂದೂ ಇಲ್ಲ.

ಮಸ್ಕಿಯ ಬಂಡೆ

ಪರೀಕ್ಷೆಯಲ್ಲಿ ಗೆದ್ದ ಶೋಧ ಹೇಗಿರುತ್ತದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಉತ್ತಮ ಉದಾಹರಣೆಯಿದೆ. ಬ್ರಾಹ್ಮೀ ಲಿಪಿಯ ರಹಸ್ಯವನ್ನು 1837ರಲ್ಲಿ ಭೇದಿಸಿದ ಜೇಮ್ಸ್ ಪ್ರಿನ್ಸೆಪ್, ಸ್ತಂಭಗಳ ಮೇಲಿದ್ದ 'ದೇವಾನಾಂಪ್ರಿಯ ಪ್ರಿಯದರ್ಶಿ' ಯಾರೆಂದು ಹುಡುಕಿ, ಆತ ಸಿಂಹಳದ ದೇವಾನಾಂಪ್ರಿಯ ತಿಸ್ಸನೆಂಬ ಅರಸನಿರಬೇಕೆಂದು ಮೊದಲು ಬರೆದರು. ಸಿಂಹಳದಲ್ಲಿ ಪಾಲಿ ಗ್ರಂಥಗಳನ್ನು ಅಭ್ಯಾಸ ಮಾಡುತ್ತಿದ್ದ ಜಾರ್ಜ್ ಟರ್ನರ್, ಅಲ್ಲಿನ ಪ್ರಾಚೀನ ವಂಶಕಥನದ ಪ್ರಕಾರ ಪ್ರಿಯದರ್ಶಿಯೆಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕನೆಂದು ತಿಳಿಸಿದರು. ಪ್ರಿನ್ಸೆಪ್ ತಮ್ಮ ಅಭಿಪ್ರಾಯವನ್ನು ಬೇಗನೆ ತಿದ್ದಿಕೊಂಡರು.

ಆದರೂ ಅದು ಗ್ರಂಥದ ಆಧಾರ. ಶಾಸನದಲ್ಲಿಯೇ ಅಶೋಕನೆಂಬ ಹೆಸರಿಲ್ಲವೆಂಬ ಕೊರತೆ ಉಳಿದಿತ್ತು. ಎಪ್ಪತ್ತೆಂಟು ವರ್ಷಗಳ ಬಳಿಕ, 1915ರಲ್ಲಿ, ಆಗ ನಿಜಾಮನ ಆಡಳಿತದಲ್ಲಿದ್ದ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರ ಕಣ್ಣಿಗೆ ಬಂಡೆಶಾಸನವೊಂದು ಬಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದರ ಮೊದಲಲ್ಲಿಯೇ ದೇವಾನಾಂಪ್ರಿಯ ಅಶೋಕನೆಂಬ ಹೆಸರಿದೆ. ಅಲ್ಲಿ ಅಕ್ಷರಗಳನ್ನು ಹಿಂದುಮುಂದು ಮಾಡಬೇಕಾಗಲಿಲ್ಲ. ಸಿಂಹಳದ ಗ್ರಂಥವೂ ರಾಯಚೂರಿನ ಕಲ್ಲೂ ಒಂದನ್ನೊಂದು ಕಾಣದೆಯೇ ಒಂದೇ ಮಾತು ಹೇಳಿದವು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳ ಬಂಡೆಗಳಲ್ಲೂ ಅದೇ ಹೆಸರು ಕಂಡಿತು. ಅಶೋಕನ ಶಾಸನಗಳ ಮಹಾಸಂಪುಟವನ್ನು 1925ರಲ್ಲಿ ಹೊರತಂದವರು ಬೇರೆ ಯಾರೂ ಅಲ್ಲ, ಇದೇ ಹುಲ್ಟ್ಷ್. ಒಬ್ಬನೇ ವಿದ್ವಾಂಸನ ಒಂದು ಕೆಲಸ ಬಂಡೆಯಂತೆ ನಿಂತಿದೆ, ಇನ್ನೊಂದು ಇನ್ನೂ ತೂಗಾಡುತ್ತಿದೆ. ಹೇಳಿದವರ ಹೆಸರು ನೋಡಿ ಒಪ್ಪುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಈಜಿಪ್ಟಿನ ವಿಷಯಕ್ಕೂ ಇದನ್ನು ಅನ್ವಯಿಸಬಹುದು. ಕೆಂಪು ಸಮುದ್ರದ ತೀರದ ಹಳೆಯ ಬಂದರುಗಳಲ್ಲಿ ತಮಿಳು ಬ್ರಾಹ್ಮೀ ಲಿಪಿಯಲ್ಲಿ ಹೆಸರು ಕೊರೆದ ಮಡಕೆ ಚೂರುಗಳು ದೊರೆತಿವೆ. ದಕ್ಷಿಣ ಭಾರತದ ವ್ಯಾಪಾರಿಗಳು ಅಲ್ಲಿಗೆ ಹೋಗಿದ್ದರೆಂಬುದಕ್ಕೆ ಆ ಚೂರುಗಳೇ ಸಾಕ್ಷಿ. ಲಿಪಿ ಬಲ್ಲವರು ಯಾರು ಓದಿದರೂ ಅದೇ ಅಕ್ಷರ ಕಾಣುತ್ತದೆ.

ನಮ್ಮ ದೇವಸ್ಥಾನಗಳ ಕಾಲನಿರ್ಣಯ

ಇನ್ನು ನಮ್ಮ ಮನೆಬಾಗಿಲಿನ ವಿಷಯ. ಜೀರ್ಣೋದ್ಧಾರದ ಕಾಲಕ್ಕೆ ಅಂಗಳದ ಕಲ್ಲೊಂದರಲ್ಲಿ ಅಕ್ಷರ ಕಂಡರೆ, 'ಸಾವಿರ ವರ್ಷದ ಶಾಸನ ಪತ್ತೆ' ಎಂದು ಮರುದಿನವೇ ಸುದ್ದಿಯಾಗುತ್ತದೆ. ಕಲ್ಲನ್ನು ಶುಚಿ ಮಾಡಿ, ಒದ್ದೆ ಕಾಗದ ಒತ್ತಿ ಶಾಯಿಯಿಂದ ಅಚ್ಚು ತೆಗೆದು, ಲಿಪಿ ಬಲ್ಲ ಇಬ್ಬರಿಗೆ ಬೇರೆ ಬೇರೆಯಾಗಿ ತೋರಿಸಿದ ಮೇಲೆ ಸುದ್ದಿ ಕೊಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ. ಸುಣ್ಣವನ್ನೋ ಬಣ್ಣವನ್ನೋ ಅಕ್ಷರಗಳಿಗೆ ತುಂಬಿ ಓದುವುದು ಮಾತ್ರ ಬೇಡ. ತುಂಬಿದವರು ಊಹಿಸಿದ ಅಕ್ಷರವೇ ಮುಂದೆ ಶಾಸನವಾಗಿ ಬಿಡುತ್ತದೆ.

ತೇದಿಯಿದ್ದರೆ ಪರೀಕ್ಷೆ ಸುಲಭ. ಶಕವರ್ಷಕ್ಕೂ ಸಂವತ್ಸರಕ್ಕೂ ತಾಳೆಯಾಗಬೇಕು. ಶಕವರ್ಷಕ್ಕೆ 78 ಕೂಡಿಸಿದರೆ ಆ ಯುಗಾದಿಯ ಕ್ರಿಸ್ತವರ್ಷ ಬರುತ್ತದೆ. 1987ರ ಯುಗಾದಿಗೆ ಪ್ರಭವ ಸಂವತ್ಸರ ಬಂದಿತ್ತಾದ್ದರಿಂದ, ಅರವತ್ತರ ಚಕ್ರದಲ್ಲಿ ಹಿಂದೆ ಎಣಿಸಿಕೊಂಡು ಹೋದರೆ ಯಾವ ವರ್ಷಕ್ಕೆ ಯಾವ ಸಂವತ್ಸರವೆಂದು ಯಾರೂ ಕಂಡುಕೊಳ್ಳಬಹುದು. ತಿಥಿ, ವಾರ, ನಕ್ಷತ್ರಗಳಿಗೆ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳಿವೆ.

ಈ ತಾಳೆ ನೋಡುವುದು ದೊಡ್ಡ ಶಾಸನಗಳಿಗೂ ತಪ್ಪಿದ್ದಲ್ಲ. ಶ್ರೀಕೃಷ್ಣದೇವರಾಯನ ಪಟ್ಟಾಭಿಷೇಕವನ್ನು ಸ್ಮರಿಸುವ ಹಂಪೆಯ ಶಾಸನದಲ್ಲಿ ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ ಚತುರ್ದಶಿ ಎಂದಿದೆ. ಲೆಕ್ಕ ಹಾಕಿದರೆ ಶಕ 1430 ವಿಭವ ಸಂವತ್ಸರವಾಗುತ್ತದೆ, ಶುಕ್ಲವಾಗುವುದು ಮರುವರ್ಷ. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸಿವೆಲ್ 1900ರಲ್ಲಿಯೇ ಇದನ್ನು ಗುರುತಿಸಿದ್ದರು. ಶಕವರ್ಷವನ್ನು ಹಿಡಿದರೆ 1509ರ ಫೆಬ್ರವರಿ 4, ಸಂವತ್ಸರವನ್ನು ಹಿಡಿದರೆ 1510ರ ಜನವರಿ 23 ಅಥವಾ 24 ಎಂದು ಎರಡನ್ನೂ ಓದುಗರ ಮುಂದಿಟ್ಟರು. ತಮಗೆ ಬೇಕಾದ ಒಂದನ್ನಿಟ್ಟು ಇನ್ನೊಂದನ್ನು ಮುಚ್ಚಿಡಲಿಲ್ಲ.

ಅಷ್ಟಮಂಗಲ ಪ್ರಶ್ನೆಯಲ್ಲಿ ಕಂಡುಬಂದ ವಿಚಾರವನ್ನೂ ಸ್ಥಳಪುರಾಣವನ್ನೂ ಸಂಚಿಕೆಯಲ್ಲಿ ಬರೆಯುವುದು ತಪ್ಪಲ್ಲ. ಅವು ಭಕ್ತರ ಶ್ರದ್ಧೆಯ ಭಾಗ. 'ಪ್ರಶ್ನೆಯಲ್ಲಿ ಕಂಡದ್ದು', 'ಹಿರಿಯರು ಹೇಳುವುದು', 'ಶಾಸನದಲ್ಲಿರುವುದು' ಎಂದು ಮೂರನ್ನೂ ಬೇರೆ ಬೇರೆಯಾಗಿ ಹೇಳಿದರೆ ಸಾಕು. ಹಾಗೆ ಹೇಳಿದರೆ ಪ್ರತಿಯೊಂದಕ್ಕೂ ಅದರದರ ಗೌರವ ಉಳಿಯುತ್ತದೆ.

ಗಡಿನಾಡಿನವರಾದ ನಮಗೆ ಈ ಎಚ್ಚರ ತುಸು ಹೆಚ್ಚೇ ಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿದರೂ ಅದು ಕಾರ್ಯರೂಪಕ್ಕೆ ಬರಲಿಲ್ಲ. ಈ ಮಣ್ಣಿನಲ್ಲಿ ಕನ್ನಡ ಎಷ್ಟು ಹಳೆಯದೆಂದು ತೋರಿಸುವ ಅಗತ್ಯ ಅಂದಿನಿಂದ ನಮ್ಮ ಹೆಗಲಿಗೆ ಬಿದ್ದಿದೆ. ಅದಕ್ಕೆ ಬೇಕಾದ ನಿಜವಾದ ಸಾಕ್ಷ್ಯ ನಮ್ಮ ಶಾಸನಗಳಲ್ಲಿ, ಮನೆತನಗಳ ಕಡತಗಳಲ್ಲಿ, ದೇವಸ್ಥಾನಗಳ ಲೆಕ್ಕಪತ್ರಗಳಲ್ಲಿ, ಯಕ್ಷಗಾನದ ತಾಡವಾಲೆಗಳಲ್ಲಿ ಇದೆ. ಅವುಗಳ ನಡುವೆ ನಿಲ್ಲದ ಒಂದು ಮಾತನ್ನು ಸೇರಿಸಿದರೆ, ಎದುರಾಳಿ ಹಿಡಿಯುವುದು ಅದೊಂದನ್ನೇ. ಅದು ಬಿದ್ದ ದಿನ ಅದರೊಂದಿಗೆ ನಿಜವಾದ ಹತ್ತು ಸಾಕ್ಷ್ಯಗಳ ಮೇಲೂ ಸಂಶಯ ಬೀಳುತ್ತದೆ.

ಗೋವಿಂದ ಪೈಗಳಂಥ ಹಿರಿಯರಿಗೆ ನಾವು ಸಲ್ಲಿಸಬಹುದಾದ ಗೌರವವೂ ಇದೇ. ಅವರ ತೀರ್ಮಾನಗಳನ್ನು ಕಂಠಪಾಠ ಮಾಡುವುದಕ್ಕಿಂತ, ಒಂದೊಂದು ಕಾಲನಿರ್ಣಯಕ್ಕೂ ಅವರು ಪಟ್ಟ ಶ್ರಮವನ್ನು ಅನುಸರಿಸುವುದು ಮೇಲು. ಸಾಲೆತ್ತೂರರು ಅವರನ್ನು ಒಪ್ಪದೆ ಬರೆದದ್ದರಿಂದ ಇಬ್ಬರ ಕೀರ್ತಿಯೂ ಕಡಿಮೆಯಾಗಲಿಲ್ಲ.

ಈ ಸಂಚಿಕೆಯನ್ನು ಓದುವ ಭಕ್ತಮಹನೀಯರಲ್ಲಿ ವಿನಂತಿ. ತಮ್ಮ ಮನೆಯ ಅಟ್ಟದಲ್ಲಿ ಈ ಕ್ಷೇತ್ರಕ್ಕೆ ಸಂಬಂಧಿಸಿದ ಓಲೆಗರಿಯೋ, ಹಳೆಯ ಆಧಾರಪತ್ರವೋ, ಉಂಬಳಿಯ ದಾಖಲೆಯೋ ಇದ್ದರೆ ಅದನ್ನು ಸಮಿತಿಯವರಿಗೆ ತೋರಿಸಿರಿ. ಮೂಲ ತಮ್ಮಲ್ಲೇ ಇರಲಿ, ಪಡಿಯಚ್ಚು ಸಾಕು. ಇಲ್ಲಿ ಬರೆದದ್ದರಲ್ಲಿ ಯಾವುದಾದರೂ ಸರಿಯಿಲ್ಲವೆಂದು ಆಧಾರಸಹಿತ ತಿಳಿಸಿದರೆ, ಮುಂದಿನ ಸಂಚಿಕೆಯಲ್ಲಿ ಅದಕ್ಕೂ ಇಷ್ಟೇ ಜಾಗ ಸಿಗಬೇಕು.